‘ಟೊಳ್ಳುಗಟ್ಟಿ’ಯ ತಂದೆ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿ

೧

ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಹುಟ್ಟಿ ಒಂದು ಶತಮಾನ ಸಂದಿದೆ. ಕಿರೀಟ, ಕಂದಪದ್ಯ, ಹಾಡುಗಳಿಗೆ ಒಗ್ಗಿಹೋಗಿದ್ದ ಪ್ರೇಕ್ಷಕರ ಮುಂದೆ ಸಾಮಾನ್ಯವಾದ ಒಂದು ಮನೆಯ ಪಡಸಾಲೆಯನ್ನೂ ಆ ಮನೆಯ ಆಡುಮಾತನ್ನೂ ತಂದಿರಿಸಿದ ಕೃತಿಯೆಂದು ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆತಿದೆ. ಅದರ ರಂಗಮೌಲ್ಯವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆ ಕೆಲಸಕ್ಕೆ ಕನ್ನಡ ಅಧ್ಯಾಪಕರೇ ಸಮರ್ಥರು. ಇತಿಹಾಸವನ್ನು ಕಲಿಸುವವನು ಈ ನಾಟಕವನ್ನು ಓದಿದಾಗ ಅವನಲ್ಲಿ ಏಳುವ ಪ್ರಶ್ನೆ ಬೇರೆ ಬಗೆಯದು.

ವಿದ್ಯಾರ್ಥಿಯ ಸ್ವಂತ ಒಲವಿಗೂ ತಂದೆತಾಯಿಗಳ ನಿರೀಕ್ಷೆಗೂ ನಡುವೆ ಉಂಟಾಗುವ ತಿಕ್ಕಾಟದ ಮಾತು ಬಂದಾಗಲೆಲ್ಲ ನಾವು ಈ ನಾಟಕವನ್ನು ಪ್ರಮಾಣಗ್ರಂಥದಂತೆ ಎತ್ತಿ ತೋರಿಸುವುದು ರೂಢಿಯಾಗಿದೆ. ಅಂಕಗಳಿಕೆ ಟೊಳ್ಳು, ಗುಣವೇ ಗಟ್ಟಿ. ಅಂಕಗಳಿಗೆ ಮರುಳಾದ ತಂದೆ ಕುರುಡ. ಆದಕಾರಣ ಮಕ್ಕಳನ್ನು ಅವರ ಒಲವಿನ ಪಾಡಿಗೆ ಬಿಡತಕ್ಕದ್ದು — ಇದು ನಾಟಕದಿಂದ ನಾವು ತೆಗೆಯುವ ನೀತಿ. ಈ ನೀತಿ ನಿಜವಾಗಿಯೂ ನಾಟಕದಲ್ಲಿ ಇದೆಯೆ? ಇದ್ದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗೆ ಅದು ಎಷ್ಟರಮಟ್ಟಿಗೆ ಒಪ್ಪುತ್ತದೆ? ಇವೆರಡನ್ನು ಪರಿಶೀಲಿಸುವುದೇ ಇಲ್ಲಿನ ಪ್ರಯತ್ನ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ನಾಟಕಕಾರರು ತಂದೆಯ ತಪ್ಪನ್ನು ಸರಿಯಾಗಿಯೇ ತೂಗಿದ್ದಾರೆ. ಆದರೆ ತಂದೆಯ ಭಯವನ್ನು ತಕ್ಕಡಿಗೆ ಹಾಕಿಲ್ಲ. ಆ ಭಯಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿಯದೆ ಅಧ್ಯಾಪಕನು ಕೊಡುವ ಉಪದೇಶವೂ ಒಂದು ಬಗೆಯ ಟೊಳ್ಳೇ ಆಗುತ್ತದೆ.

೨

ನಾಟಕದ ಹಂದರ ಸರಳವಾದುದು. ಒಂದು ಮನೆ, ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಪುಟ್ಟು ಮತ್ತು ಮಾಧು. ಪುಟ್ಟು ಪರೀಕ್ಷೆಗಳಲ್ಲಿ ಮುಂದೆ, ಮಾಧು ಹಿಂದೆ. ತಂದೆಯ ಅಭಿಮಾನವೆಲ್ಲ ಪುಟ್ಟುವಿನ ಮೇಲೆ. ಮಾಧುವೋ ಮನೆಯವರ ಕಷ್ಟಸುಖಕ್ಕೆ ಒದಗುವವನು, ಕಾಯಿಲೆ ಬಿದ್ದವರ ಬಳಿ ನಿಲ್ಲುವವನು, ತನ್ನ ಓದನ್ನು ಅದಕ್ಕಾಗಿ ಬದಿಗೊತ್ತಿದವನು. ಕೊನೆಗೆ ಬೆಂಕಿಯ ಅನಾಹುತ ಒದಗಿದಾಗ ಯಾರು ತನ್ನನ್ನು ನೋಡಿಕೊಂಡನು, ಯಾರು ಪರರಿಗಾಗಿ ನುಗ್ಗಿದನು ಎಂಬುದು ಬಯಲಾಗುತ್ತದೆ. ಯಾವುದು ಟೊಳ್ಳು, ಯಾವುದು ಗಟ್ಟಿ ಎಂಬುದನ್ನು ತಂದೆ ಆಗ ಕಾಣುತ್ತಾನೆ.

ಇಲ್ಲಿ ನಮ್ಮ ಸಾಮಾನ್ಯ ವ್ಯಾಖ್ಯಾನವು ಜಾರುವ ಸ್ಥಳವೊಂದಿದೆ. ಮಾಧುವಿಗೆ ಏನು ಬೇಕಾಗಿತ್ತು? ಅವನು ಯಾವ ವಿದ್ಯೆಗೆ, ಯಾವ ಕಲೆಗೆ, ಯಾವ ಕಸುಬಿಗೆ ಹಂಬಲಿಸಿದ್ದನು? ಮಾಧುವಿನ ಪಾತ್ರ ಈ ಪ್ರಶ್ನೆಯ ಮೇಲೆ ನಿಂತಿಲ್ಲ. ಅವನು ಪರೀಕ್ಷೆಯಲ್ಲಿ ಹಿಂದೆ ಬಿದ್ದುದು ತನ್ನ ಒಲವನ್ನು ಹಿಂಬಾಲಿಸಿದುದರಿಂದಲ್ಲ, ಮನೆಯವರನ್ನು ಹಿಂಬಾಲಿಸಿದುದರಿಂದ. ಹಾಗಾದರೆ ನಾಟಕವು ಎದುರುಬದುರಾಗಿ ನಿಲ್ಲಿಸಿರುವುದು ಮಗನ ಒಲವು ಮತ್ತು ತಂದೆಯ ನಿರೀಕ್ಷೆ ಇವುಗಳನ್ನಲ್ಲ. ಮನೆಯ ಎರಡು ನಿರೀಕ್ಷೆಗಳನ್ನು. ಒಂದು, ಮಗನು ಮನೆತನಕ್ಕೆ ಕೀರ್ತಿ ತರಬೇಕೆಂಬುದು. ಇನ್ನೊಂದು, ಮಗನು ಮನೆಯವರಿಗೆ ಆಗಿಬರಬೇಕೆಂಬುದು. ಮೊದಲನೆಯದಕ್ಕಿಂತ ಎರಡನೆಯದು ಮೇಲೆಂದು ನಾಟಕಕಾರರು ತೀರ್ಪು ಕೊಟ್ಟರು. ತೀರ್ಪು ನ್ಯಾಯವಾದುದೇ. ಆದರೆ ಎರಡು ಅಳತೆಗೋಲುಗಳೂ ಮನೆಯವೇ. ಪುಟ್ಟು ಪರೀಕ್ಷೆಯ ಮಗ, ಮಾಧು ಮನೆಯ ಮಗ. ತನ್ನ ಹಂಬಲದ ಬೆನ್ನುಹತ್ತಿದ ಮೂರನೆಯ ಮಗನೊಬ್ಬನು ಆ ಮನೆಯಲ್ಲಿ ಹುಟ್ಟಿಲ್ಲ.

ಮನೆಯೂ ಶಾಲೆಯೂ ಕೈಬಿಟ್ಟ ಹುಡುಗನ ಪರವಾಗಿ ವಾದಿಸುವುದು ಕೈಲಾಸಂ ಅವರಿಗೆ ಪ್ರಿಯವಾದ ಕೆಲಸವಾಗಿತ್ತು. ‘ಪೋಲೀಕಿಟ್ಟಿ’ಯಲ್ಲಿಯೂ ಅವರ ಸಹಾನುಭೂತಿ ಅಂಥ ಹುಡುಗನ ಕಡೆಗೇ ಹರಿದಿದೆ. ಅವರ ವಾದದ ದಾರಿ ಮಾತ್ರ ಯಾವಾಗಲೂ ಒಂದೇ: ದಡ್ಡನೆನಿಸಿಕೊಂಡವನು ಸಮಯ ಬಂದಾಗ ಧೀರನೆನಿಸಿಕೊಳ್ಳುತ್ತಾನೆ. ಇದು ನೋಡುವವರ ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಬೆಂಕಿಯೇ ಬೀಳದ ಮನೆಯಲ್ಲಿ ಮಾಧುವಿನ ಗತಿಯೇನು? ಮನೆಗೆ ಬೆಂಕಿ ಬೀಳುವವರೆಗೂ ತನ್ನ ಮಗನ ಬೆಲೆ ತಿಳಿಯದ ತಂದೆ, ಬೆಂಕಿ ಬೀಳದಿದ್ದರೆ ಎಂದಿಗೂ ತಿಳಿಯದೆ ಉಳಿಯುತ್ತಿದ್ದನು. ಜೀವನದಲ್ಲಿ ಹೆಚ್ಚಿನ ಮಾಧುಗಳಿಗೆ ಅಂಥ ಸಾಕ್ಷಿ ಒದಗುವುದಿಲ್ಲ. ಅವರ ಪಾಲಿಗೆ ಉಳಿಯುವುದು ಅಂಕಪಟ್ಟಿಯೊಂದೇ.

೩

ಆ ಮೂರನೆಯ ಮಗನು ನಾಟಕದಲ್ಲಿಲ್ಲದಿದ್ದರೂ ನಾಟಕಕಾರರ ಮನೆಯಲ್ಲಿದ್ದನು. ಅವನು ಸ್ವತಃ ಕೈಲಾಸಂ ಅವರೇ.

೧೮೮೪ರಲ್ಲಿ ಹುಟ್ಟಿದ ಕೈಲಾಸಂ ಅವರ ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು; ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನಲ್ಲಿಯೂ ನ್ಯಾಯಾಧೀಶರಿದ್ದ ಮನೆತನ ಅದು. ಪರಮಶಿವ ಅಯ್ಯರ್ ಅವರು ಕೇವಲ ಅಧಿಕಾರಿಯಾಗಿರಲಿಲ್ಲ. ವೇದಮಂತ್ರಗಳಿಗೆ ಭೂವಿಜ್ಞಾನದ ದೃಷ್ಟಿಯಿಂದ ಅರ್ಥ ಹೇಳಲು ಹೊರಟ ‘ದಿ ರಿಕ್ಸ್’ ಎಂಬ ಇಂಗ್ಲಿಷ್ ಗ್ರಂಥವನ್ನು ೧೯೧೧ರಲ್ಲಿ ಪ್ರಕಟಿಸಿದವರು. ಮಗನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಅಭ್ಯಾಸ ಮಾಡಿದುದು ಅದೇ ಭೂವಿಜ್ಞಾನವನ್ನು. ಇದನ್ನು ಗಮನಿಸಿದಾಗ ನಿರೀಕ್ಷೆಯ ಸ್ವರೂಪವೇ ಬದಲಾಗಿ ಕಾಣುತ್ತದೆ. ತಂದೆಗೆ ಪ್ರಿಯವಾದ ವಿದ್ಯೆಯೇ ಮಗನ ಓದಿನ ವಿಷಯವಾಯಿತು. ತಂದೆಯ ಒಲವು ಮಗನ ಪಾಲಿಗೆ ಕರ್ತವ್ಯವಾಗಿ ಬರುವುದು ಲೋಕದಲ್ಲಿ ಅಪರೂಪವಲ್ಲ. ಎಷ್ಟೋ ಮನೆಗಳಲ್ಲಿ ನಿರೀಕ್ಷೆಯೆಂಬುದು ಹಿಂದಿನ ತಲೆಮಾರಿನ ಒಲವೇ ಆಗಿರುತ್ತದೆ.

೧೯೧೫ರಲ್ಲಿ ಸ್ವದೇಶಕ್ಕೆ ಮರಳಿದ ಕೈಲಾಸಂ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ನಾಟಕವನ್ನೇ ಬದುಕಾಗಿಸಿಕೊಂಡರು. ಲಂಡನ್ನಿನಲ್ಲಿ ಅವರು ಕಲ್ಲುಗಳ ಜೊತೆಗೆ ರಂಗಭೂಮಿಯನ್ನೂ ಓದಿಕೊಂಡಿದ್ದರು. ೧೯೪೫ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು; ಮರುವರ್ಷವೇ, ೧೯೪೬ರಲ್ಲಿ, ಅವರು ತೀರಿಕೊಂಡರು. ಕನ್ನಡಕ್ಕೆ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಭೂವಿಜ್ಞಾನಿಗಳು ಹಲವರು ದೊರೆಯುತ್ತಿದ್ದರು. ಕೈಲಾಸಂ ಇನ್ನೊಬ್ಬರು ದೊರೆಯುತ್ತಿರಲಿಲ್ಲ.

ಈ ಉದಾಹರಣೆಯನ್ನು ವಿದ್ಯಾರ್ಥಿಗಳ ಮುಂದಿಡುವಾಗ ನಾವು ಒಂದು ಅಂಶವನ್ನು ಮರೆಮಾಡುತ್ತೇವೆ. ಕೈಲಾಸಂ ಅವರು ಸಂಬಳವನ್ನು ಬಿಟ್ಟಾಗ ಅವರ ಬೆನ್ನ ಹಿಂದೆ ಒಂದು ಮನೆತನದ ಹೆಸರಿತ್ತು, ವಿದೇಶದ ಪದವಿಯಿತ್ತು, ಎಲ್ಲ ಬಾಗಿಲುಗಳನ್ನು ತೆರೆಯಿಸಬಲ್ಲ ಇಂಗ್ಲಿಷ್ ಇತ್ತು. ಅಲ್ಲದೆ ಅವರು ಬಿಟ್ಟುದು ಪಡೆದ ಮೇಲೆ. ಕೈಯಲ್ಲಿರುವುದನ್ನು ಚೆಲ್ಲುವುದು ಒಂದು ಸಾಹಸ. ಕೈಗೆ ಬರಬಹುದಾದ ಒಂದೇ ಒಂದನ್ನು ಬರುವ ಮುಂಚೆಯೇ ಬೇಡವೆನ್ನುವುದು ಬೇರೆಯೇ ಸಾಹಸ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಬೋಧಿಸುವುದು ತರ್ಕದೋಷ.

೪

ನಾಟಕ ಹುಟ್ಟಿದ ಕಾಲದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ನಡೆದ ಇನ್ನೊಂದು ಘಟನೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಾಹ್ಮಣೇತರ ಸಮಾಜಗಳ ಮುಖಂಡರು ಸರ್ಕಾರಿ ನೌಕರಿಯಲ್ಲಿ ತಮಗೆ ತಕ್ಕ ಪಾಲಿಲ್ಲವೆಂದು ಮಹಾರಾಜರಲ್ಲಿ ಬಿನ್ನವಿಸಿಕೊಂಡ ಮೇಲೆ, ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಮಿಲ್ಲರ್ ಅವರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಎಂದರೆ ಪರಮಶಿವ ಅಯ್ಯರ್ ಅವರೂ ಸೇವೆ ಸಲ್ಲಿಸಿದ ನ್ಯಾಯಾಲಯದ ಹಿರಿಯರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿನಂತೆಯೂ ಹಿಂದುಳಿದ ಸಮಾಜಗಳವರು ಬರುವಂತಾಗಬೇಕೆಂದು ಸಮಿತಿ ೧೯೧೯ರಲ್ಲಿ ಸಲಹೆ ಮಾಡಿತು. ೧೯೨೧ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ಇವೆರಡೂ ಒಂದೇ ಕಾಲದ ಮಾತುಗಳು. ಎರಡು ಮೂರು ತಲೆಮಾರುಗಳಿಂದ ಪರೀಕ್ಷೆ ಪಾಸುಮಾಡಿ ಕಛೇರಿ ಸೇರಿದ ಮನೆಗಳಲ್ಲಿ ಅಂಕಗಳ ವ್ಯಾಮೋಹ ನಗೆಗೀಡಾಗುವ ಹಂತಕ್ಕೆ ಬಂದಿತ್ತು. ಅದನ್ನು ಕಂಡು ನಗುವ, ನಗಿಸುವ ಅಧಿಕಾರ ಆ ಮನೆಗಳಲ್ಲಿಯೇ ಬೆಳೆದ ಕೈಲಾಸಂ ಅವರಿಗೆ ಇತ್ತು. ಅದೇ ಹೊತ್ತಿಗೆ ಹಳ್ಳಿಗಳ ಸಾವಿರಾರು ಮನೆಗಳ ಪಾಲಿಗೆ ಪರೀಕ್ಷೆಯೆಂಬುದು ಆಗತಾನೆ ತೆರೆಯತೊಡಗಿದ ಬಾಗಿಲು. ಒಂದು ಮನೆಗೆ ಸವೆದ ಒಡವೆಯಾಗಿ ಕಂಡುದು ಇನ್ನೊಂದು ಮನೆಗೆ ಮೊದಲ ಒಡವೆ. ದಲಿತ ಮನೆಗಳಿಗಂತೂ ಆ ಬಾಗಿಲು ತಲಪಲು ಇನ್ನೂ ಹಲವು ದಶಕಗಳು ಬೇಕಾದವು. ‘ಟೊಳ್ಳುಗಟ್ಟಿ’ಯ ನಗೆ ತನ್ನ ಸ್ಥಳದಲ್ಲಿ ಸತ್ಯವಾದುದು, ಆದರೆ ಅದು ಎಲ್ಲರ ಮನೆಯ ನಗೆಯಲ್ಲ. ಮೊದಲ ತಲೆಮಾರಿನಲ್ಲಿ ಓದುತ್ತಿರುವ ಹುಡುಗನ ತಂದೆಯನ್ನು ಪುಟ್ಟುವಿನ ತಂದೆಯ ಪಕ್ಕದಲ್ಲಿ ಕೂರಿಸಿ ನಗುವುದು ಚರಿತ್ರೆಯ ದೃಷ್ಟಿಯಿಂದ ಅನ್ಯಾಯ.

೫

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಕಂದಾಯ ಆಡಳಿತದಲ್ಲಿ ಇವು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವೇ ಪ್ರತ್ಯೇಕವಾದ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದಾಗ ರಾಜ್ಯದ ಮೂವತ್ತಕ್ಕೂ ಮಿಕ್ಕ ಶೈಕ್ಷಣಿಕ ಜಿಲ್ಲೆಗಳ ನಡುವೆ ಮಧುಗಿರಿ ಎಷ್ಟನೆಯದು ಎಂಬುದು ಆ ವಾರದ ದೊಡ್ಡ ಸುದ್ದಿ. ಸ್ಥಾನ ಇಳಿದರೆ ಅಧಿಕಾರಿಗಳಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ಶಿಕ್ಷಕರಿಗೆ, ಅವರಿಂದ ಮಕ್ಕಳಿಗೆ ಮಾತು ಇಳಿದುಬರುತ್ತದೆ. ಪುಟ್ಟುವಿನ ತಂದೆ ಈಗ ಮನೆಯೊಳಗೆ ಮಾತ್ರ ಇಲ್ಲ, ಇಲಾಖೆಯಾಗಿಯೂ ಬೆಳೆದಿದ್ದಾನೆ. ಒಂದು ಸಂಖ್ಯೆಯ ಹಿಂದೆ ಹೋಗುವುದನ್ನು ಸರ್ಕಾರವೇ ಕಲಿಸುತ್ತಿರುವಾಗ ತಂದೆತಾಯಿಗಳನ್ನು ಮಾತ್ರ ದೂರುವುದು ಸಲ್ಲದು.

ತಂದೆತಾಯಿಗಳ ಲೆಕ್ಕಾಚಾರ ಇನ್ನೂ ಆಳದಿಂದ ಬಂದುದು. ಇದು ಮಳೆಯನ್ನು ನಂಬಿದ ನಾಡು. ಪಾವಗಡ, ಮಧುಗಿರಿ, ಶಿರಾ ಭಾಗದ ಬೆದ್ದಲು ಹೊಲಗಳಲ್ಲಿ ಮುಖ್ಯ ಬೆಳೆ ನೆಲಗಡಲೆ. ಕೆರೆಗಳು ತುಂಬುವ ವರ್ಷಗಳಿಗಿಂತ ತುಂಬದ ವರ್ಷಗಳು ಹೆಚ್ಚು; ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಸಾಲವೂ ಇಳಿಯುತ್ತ ಹೋಗುತ್ತದೆ; ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡಿನ ಕಾಟ ಬೇರೆ. ಇಂಥ ಊರಿನಲ್ಲಿ ಸರ್ಕಾರಿ ಕೆಲಸವೆಂದರೆ ಮಳೆಯನ್ನು ಕೇಳದೆ ತಿಂಗಳಿಗೊಮ್ಮೆ ಬರುವ ಬೆಳೆ. ಮಗನು ಪೊಲೀಸ್ ಪೇದೆಯಾಗಲಿ, ಗ್ರಾಮ ಲೆಕ್ಕಿಗನಾಗಲಿ, ಶಾಲೆಯ ಮೇಷ್ಟ್ರಾಗಲಿ ಎಂದು ಹರಸುವ ತಂದೆಯಲ್ಲಿ ದುರಾಸೆಯಿಲ್ಲ. ಅವನು ಬರಗಾಲದ ವಿರುದ್ಧ ಒಂದು ಕಟ್ಟೆಯನ್ನು ಕಟ್ಟುತ್ತಿದ್ದಾನೆ. ಆ ಕಟ್ಟೆಯ ಕಲ್ಲು ಮಗನೇ ಆಗಿರುವುದರಿಂದ ಮಗನಿಗೆ ನೋವಾಗುತ್ತದೆ ಎಂಬುದು ನಿಜ. ಎರಡೂ ನಿಜವೆಂದು ಒಪ್ಪಿಕೊಂಡ ಮೇಲೆಯೇ ವಿಮರ್ಶೆ ಆರಂಭವಾಗಬೇಕು.

ಈಚಿನ ವರ್ಷಗಳಲ್ಲಿ ಈ ಲೆಕ್ಕಾಚಾರಕ್ಕೆ ಹೊಸ ತಿರುವು ಬಂದಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ೨೦೧೮ರಲ್ಲಿ ಉದ್ಘಾಟನೆಯಾದ ಸೌರವಿದ್ಯುತ್ ಉದ್ಯಾನ ಸುಮಾರು ೧೩,೦೦೦ ಎಕರೆಗಳಲ್ಲಿ ಹರಡಿದೆ. ಅದರ ಉತ್ಪಾದನಾ ಶಕ್ತಿ ೨,೦೫೦ ಮೆಗಾವಾಟ್. ಅಲ್ಲಿ ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಆರಂಭವಾಗುವ ಬಾಡಿಗೆಗೆ ೨೮ ವರ್ಷಗಳ ಗುತ್ತಿಗೆಯಾಗಿ ಕೊಟ್ಟರು. ಭೂಮಿಯಿದ್ದವನಿಗೆ ಮಳೆಯ ಭಯ ತಪ್ಪಿತು; ಭೂಮಿಯಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕೆಲಸವೇ ತಪ್ಪಿತು. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಇದರ ಪರಿಣಾಮವನ್ನು ಹೀಗೆ ಊಹಿಸಬಹುದು. ಹಿಂದೆ ಓದಿನಲ್ಲಿ ಸೋತ ಮಗನನ್ನು ಹೊಲ ಕಾಯುತ್ತಿತ್ತು. ಒಕ್ಕಲುತನವೆಂಬ ಎರಡನೆಯ ವಿದ್ಯೆ ಮನೆಯಲ್ಲಿಯೇ ಇತ್ತು. ೨೮ ವರ್ಷ ಉಳುಮೆ ಕಾಣದ ಭೂಮಿಯ ಮನೆಯಲ್ಲಿ ಆ ವಿದ್ಯೆಯ ಎಳೆ ಕಡಿಯುತ್ತದೆ. ಆಗ ನಿರೀಕ್ಷೆಯ ಭಾರವೆಲ್ಲ ಪರೀಕ್ಷೆಯೊಂದರ ಮೇಲೆಯೇ ಬೀಳುತ್ತದೆ. ಬಾಡಿಗೆಯ ಹಣ ಒಂದು ಮನೆಯಲ್ಲಿ ಮಗಳ ಓದಿಗೆ ಆಸರೆಯಾಗಬಹುದು, ಇನ್ನೊಂದರಲ್ಲಿ ಹುಡುಗನ ಸೋಮಾರಿತನಕ್ಕೂ ಆಗಬಹುದು. ಹಣ ತಾನಾಗಿ ಯಾವ ಒಲವನ್ನೂ ಹುಟ್ಟಿಸುವುದಿಲ್ಲ.

ಪಾವಗಡದ ಹುಡುಗನಿಗೆ ಇನ್ನೊಂದು ತೊಡಕಿದೆ. ಮೂರು ಕಡೆ ಆಂಧ್ರದ ಗಡಿಯಿರುವ ಆ ತಾಲ್ಲೂಕಿನ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯ ಮಾತು ಕನ್ನಡ. ಮುಂದಿನ ಪರೀಕ್ಷೆಗಳ ಮಾತು ಇಂಗ್ಲಿಷ್. ತನ್ನ ಒಲವನ್ನು ತಂದೆಗೆ ವಿವರಿಸಿ ಹೇಳಲು ಬೇಕಾದ ಶಬ್ದಗಳು ಅವನಿಗೆ ದೊರೆತಿರುವುದು ತಂದೆಯದಲ್ಲದ ಭಾಷೆಯಲ್ಲಿ. ಕೈಲಾಸಂ ಅವರ ನಾಟಕದಲ್ಲಿ ಇಂಗ್ಲಿಷ್ ಬೆರೆತ ಮಾತು ನಗೆಯನ್ನು ತರುತ್ತದೆ. ಇಲ್ಲಿ ಅದೇ ಅಂತರ ಮೌನವನ್ನು ತರುತ್ತದೆ.

೬

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ‘ಟೊಳ್ಳುಗಟ್ಟಿ’ಯ ಮನೆಯಲ್ಲಿ ಓದಿನ ಪ್ರಶ್ನೆ ಗಂಡುಮಕ್ಕಳದು. ನಮ್ಮ ತರಗತಿಗಳಲ್ಲಿಯಾದರೋ ಮುಂದಿನ ಸಾಲುಗಳಲ್ಲಿ ಕುಳಿತಿರುವವರು ಹೆಣ್ಣುಮಕ್ಕಳು. ಗಂಡುಮಗನಿಗೆ ‘ಏನು ಓದುತ್ತೀಯೆ’ ಎಂಬ ಪ್ರಶ್ನೆ ಬಂದರೆ, ಮಗಳಿಗೆ ಬರುವುದು ‘ಎಲ್ಲಿಯವರೆಗೆ ಓದುತ್ತೀಯೆ’ ಎಂಬ ಪ್ರಶ್ನೆ. ಕೊರಟಗೆರೆಯ ಹಳ್ಳಿಯಿಂದ ಬಸ್ಸು ಹಿಡಿದು ತುಮಕೂರಿಗೆ ಬರುವ ಹುಡುಗಿಗೆ ವಿಷಯದ ಆಯ್ಕೆ ಎರಡನೆಯ ಮಾತು. ಓದನ್ನು ಮುಂದುವರಿಸುವುದೇ ಅವಳ ಮೊದಲನೆಯ ಒಲವು. ಕಾಲೇಜಿನ ದೂರ, ಕೊನೆಯ ಬಸ್ಸಿನ ಹೊತ್ತು, ಹಾಸ್ಟೆಲಿನ ಸೀಟು, ಬಂದುಹೋಗುವ ವರಗಳು ಇವೇ ಅವಳ ಪಠ್ಯವನ್ನು ನಿರ್ಧರಿಸುತ್ತವೆ. ಅವಳ ತಾಯಿ ಹಲವು ಸಾರಿ ಅವಳ ಪರವಾಗಿ ನಿಲ್ಲುತ್ತಾಳೆ. ಆ ತಾಯಿಯ ನಿಂತುಹೋದ ಓದೇ ಅದಕ್ಕೆ ಕಾರಣ. ಇಲ್ಲಿಯೂ ಹಿಂದಿನ ತಲೆಮಾರಿನ ಒಲವು ಮುಂದಿನ ತಲೆಮಾರಿಗೆ ನಿರೀಕ್ಷೆಯಾಗಿ ಬಂದಿದೆ. ಆದರೆ ಭಾರವಾಗಿ ಅಲ್ಲ, ಊರುಗೋಲಾಗಿ. ತಂದೆತಾಯಿಗಳ ನಿರೀಕ್ಷೆಯೆಲ್ಲವೂ ಮಕ್ಕಳಿಗೆ ಹಗೆಯೆಂದು ಎಣಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೭

ಬಡಮನೆಯ ಮಗನು ತನ್ನ ಒಲವಿನ ಹಾದಿ ಹಿಡಿದು ಗೆದ್ದ ಉದಾಹರಣೆಗಳಿಲ್ಲವೆ ಎಂದು ಕೇಳಬಹುದು. ಇವೆ, ನಮ್ಮ ನೆರೆಯಲ್ಲಿಯೇ ಇವೆ. ಮಧುಗಿರಿ, ಕೊರಟಗೆರೆಗಳಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅವರು ಪ್ರೌಢಶಾಲೆಯ ಓದಿಗಾಗಿ ೧೯೩೫ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರು. ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗಲೇ ೧೯೪೨ರ ಚಳವಳಿಗೆ ಧುಮುಕಿ ಓದನ್ನು ನಿಲ್ಲಿಸಿದರು, ಸೆರೆಮನೆ ಕಂಡರು, ಮತ್ತೆ ಓದಿದರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಈ ಕಥೆಯನ್ನು ಹೇಳುವಾಗ ನಾವು ನಡಿಗೆಯನ್ನು ಹೊಗಳುತ್ತೇವೆ. ಅವರನ್ನು ಬರಮಾಡಿಕೊಂಡ ಶಾಲೆಯನ್ನೂ ಕೈಹಿಡಿದ ಅಧ್ಯಾಪಕರನ್ನೂ ಅಷ್ಟಾಗಿ ನೆನೆಯುವುದಿಲ್ಲ. ನಡೆದುಬಂದ ಹುಡುಗನನ್ನು ಒಳಗೆ ಕರೆದುಕೊಳ್ಳುವ ಮನೆಯೊಂದು ಆ ದಾರಿಯ ತುದಿಯಲ್ಲಿ ಇಲ್ಲದಿದ್ದರೆ ನಡಿಗೆ ನಡಿಗೆಯಾಗಿಯೇ ಮುಗಿಯುತ್ತಿತ್ತು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಗಣಿತದ ಹೊರತು ಬೇರೆ ವಿಷಯಗಳನ್ನು ಅಲಕ್ಷಿಸಿ ಅವರು ಎಫ್. ಎ. ಪರೀಕ್ಷೆಯಲ್ಲಿ ಸೋತರು. ಅವರನ್ನು ಉಳಿಸಿದುದು ಒಲವೊಂದೇ ಅಲ್ಲ. ನೆಲ್ಲೂರಿನ ಕಲೆಕ್ಟರಾಗಿದ್ದ ರಾಮಚಂದ್ರ ರಾವ್ ಅವರು ತಿಂಗಳಿಗೆ ಕೊಡುತ್ತಿದ್ದ ೨೫ ರೂಪಾಯಿ, ೧೯೧೨ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್ ಕಛೇರಿಯಲ್ಲಿ ದೊರೆತ ಗುಮಾಸ್ತಗಿರಿ, ೧೯೧೩ರಲ್ಲಿ ಕೇಂಬ್ರಿಜ್ಜಿನ ಹಾರ್ಡಿ ಅವರು ಬರೆದ ಉತ್ತರ. ಕೈಲಾಸಂ ಅವರಿಗೆ ಮನೆತನ ಮಾಡಿದ ಕೆಲಸವನ್ನು ಇವರಿಗೆ ಮೂರನೆಯವರು ಮಾಡಿದರು.

ಈಗ ‘ಟೊಳ್ಳುಗಟ್ಟಿ’ಗೆ ಮರಳಿದರೆ ಅದರ ನಿಜವಾದ ಕೊರತೆ ಎದ್ದು ಕಾಣುತ್ತದೆ. ಅಲ್ಲಿನ ತೀರ್ಪು ಮನೆಯೊಳಗೇ ಹುಟ್ಟಿ ಮನೆಯೊಳಗೇ ಮುಗಿಯುತ್ತದೆ. ಮಗನ ಶಕ್ತಿಯನ್ನು ತಂದೆಗಿಂತ ಮೊದಲೇ ಕಂಡು, ತಂದೆಗೆ ಅವನ ಮಾತಿನಲ್ಲಿಯೇ ತಿಳಿಸಿಹೇಳಬಲ್ಲ ಹೊರಗಿನವನೊಬ್ಬನ ಮಾತಿಗೆ ಅಲ್ಲಿ ಎಡೆಯಿಲ್ಲ. ಆ ಕೆಲಸವನ್ನು ನಾಟಕಕಾರರು ಬೆಂಕಿಗೆ ವಹಿಸಿದರು. ಜೀವನದಲ್ಲಿ ಅದು ಅಧ್ಯಾಪಕನ ಕೆಲಸ.

೮

ಅಧ್ಯಾಪಕನು ಈ ಕೆಲಸವನ್ನು ಹೇಗೆ ಮಾಡಬೇಕು? ನನ್ನ ವಿಷಯವಾದ ಇತಿಹಾಸವನ್ನೇ ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ೧೬೮೭ರಿಂದ ಮೊಗಲರ ಸುಭಾದ ರಾಜಧಾನಿಯಾಗಿದ್ದ ಶಿರಾದಲ್ಲಿ ೧೬೫೧ರ ಮಲಿಕ್ ರಿಹಾನನ ಗೋರಿಯೂ ೧೬೯೬ರ ಜಾಮಿಯಾ ಮಸೀದಿಯೂ ಇವೆ. ಮಧುಗಿರಿಯ ಏಕಶಿಲೆಯ ಮೇಲೆ ಕೋಟೆಯಿದೆ. ಕೊರಟಗೆರೆಯ ಕಡೆ ಚನ್ನರಾಯನದುರ್ಗ, ಪಾವಗಡದ ಕಡೆ ನಿಡಗಲ್ಲು. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಹನ್ನೆರಡನೆಯ ಸಂಪುಟವನ್ನು ತೆರೆದರೆ ಈ ಸೀಮೆಯ ಶಾಸನಗಳು ಸಾಲಾಗಿ ನಿಲ್ಲುತ್ತವೆ. ಇಂಥ ನೆಲದಲ್ಲಿ ಹುಟ್ಟಿದ ಹುಡುಗನೊಬ್ಬನು ಇತಿಹಾಸಕ್ಕೆ ಮನಸೋತರೆ ಆಶ್ಚರ್ಯವಿಲ್ಲ. ಆದರೂ ಇತಿಹಾಸವೆಂದರೆ ಬೇರೇನೂ ಸಿಗದವರು ಓದುವ ವಿಷಯವೆಂಬ ಭಾವನೆ ಮನೆಗಳಲ್ಲಿ ಬೇರೂರಿದೆ. ಅದೇ ಇತಿಹಾಸವು ಲೋಕಸೇವಾ ಆಯೋಗದ ಪರೀಕ್ಷೆಯ ಪಠ್ಯವಾಗಿ ಬಂದಾಗ ಮಾತ್ರ ತಂದೆ ಅದಕ್ಕೆ ಪುಸ್ತಕ ಕೊಡಿಸುತ್ತಾನೆ. ಒಲವಿಗೆ ಮನೆಯೊಳಗೆ ಪ್ರವೇಶ ದೊರೆಯುವುದು ನಿರೀಕ್ಷೆಯ ಬಾಗಿಲಿನಿಂದ.

ಹೀಗಿರುವಾಗ, ಇತಿಹಾಸ ಓದಬೇಕೆಂದು ಬರುವ ವಿದ್ಯಾರ್ಥಿಗೆ ಮನಸ್ಸು ಹೇಳಿದಂತೆ ಮಾಡೆಂದು ಬೆನ್ನು ತಟ್ಟಿ ಕಳುಹಿಸುವುದು ಸುಲಭ. ಅದರ ವೆಚ್ಚವನ್ನು ಕೊಡುವವರು ನಾವಲ್ಲ. ಮೊದಲು ಕೇಳಬೇಕಾದುದು, ಈ ಒಲವು ಅವನಿಂದ ಈಗಾಗಲೇ ಏನು ಕೆಲಸ ಮಾಡಿಸಿದೆ ಎಂಬುದನ್ನು. ಊರಿನ ವೀರಗಲ್ಲನ್ನು ಓದಲು ಪ್ರಯತ್ನಿಸಿದ್ದಾನೆಯೆ? ಪಠ್ಯದ ಹೊರಗೆ ಒಂದು ಗ್ರಂಥವನ್ನಾದರೂ ಕೊನೆಯವರೆಗೆ ಓದಿದ್ದಾನೆಯೆ? ಬೆವರಿನ ಗುರುತಿಲ್ಲದ ಒಲವು ಬಹುಮಟ್ಟಿಗೆ ವಿಜ್ಞಾನದ ಕಷ್ಟದಿಂದ ತಪ್ಪಿಸಿಕೊಳ್ಳುವ ಉಪಾಯ. ಎರಡನೆಯದಾಗಿ, ಸತ್ಯವನ್ನು ಹೇಳಬೇಕು: ಸ್ನಾತಕೋತ್ತರ ಪದವಿ ಪಡೆದ ಅನೇಕರು ಇಂದು ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಳನ್ನು ಸವೆಸುತ್ತಿದ್ದಾರೆ, ಬಿ. ಎಡ್. ಒಂದು ದಾರಿ, ಅರ್ಹತಾ ಪರೀಕ್ಷೆಗಳು ಒಂದು ದಾರಿ, ಪುರಾತತ್ತ್ವ, ಪತ್ರಾಗಾರಗಳ ಕೆಲಸ ಇಕ್ಕಟ್ಟಾದ ಇನ್ನೊಂದು ದಾರಿ. ಮೂರನೆಯದಾಗಿ, ಇದನ್ನು ಹುಡುಗನಿಗೆ ಮಾತ್ರ ಹೇಳಿದರೆ ಸಾಲದು. ಮನೆಯವರಿಗೂ ಅವರ ಲೆಕ್ಕದಲ್ಲಿಯೇ ಹೇಳಬೇಕು: ಎಷ್ಟು ವರ್ಷ, ಎಷ್ಟು ಖರ್ಚು, ಸೋತರೆ ಹಿಂದಿರುಗಲು ಯಾವ ನೆಲೆ. ಭಯಕ್ಕೆ ಉತ್ತರ ಉಪದೇಶವಲ್ಲ, ವಿವರ.

ಒಂದು ಆಕ್ಷೇಪ ಬರಬಹುದು. ಇಷ್ಟೊಂದು ಲೆಕ್ಕ ಹಾಕಿದರೆ ಕೈಲಾಸಂ ಅಂಥವರು ಹುಟ್ಟುವುದಾದರೂ ಹೇಗೆ? ಅಂಥವರು ನಮ್ಮನ್ನು ಕೇಳಿ ಹೊರಡುವುದಿಲ್ಲವೆಂಬುದೇ ಇದಕ್ಕೆ ಉತ್ತರ. ನಮ್ಮ ಮುಂದೆ ಬಂದು ಕೇಳುವವನು ತಂದೆಯನ್ನು ನೋಯಿಸಲೂ ಆರದೆ, ತನ್ನನ್ನು ಬಿಟ್ಟುಕೊಡಲೂ ಆರದೆ ನಡುವೆ ನಿಂತವನು. ತರಗತಿಯಲ್ಲಿ ಹೆಚ್ಚಿನವರು ಅವನಂಥವರೇ. ಅವನನ್ನು ಪುಟ್ಟುವೆಂದು ಹಳಿಯುವುದಾಗಲಿ ಮಾಧುವೆಂದು ಮರುಗುವುದಾಗಲಿ ಅವನಿಗೆ ನೆರವಾಗದು.

ಈ ದಿಕ್ಕಿನಲ್ಲಿ ನಮ್ಮ ವಿಭಾಗ ಮಾಡಬಹುದಾದ ಕೆಲಸವೊಂದಿದೆ. ನಾಲ್ಕು ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಮೂರು ತಲೆಮಾರುಗಳ ಓದಿನ ಚರಿತ್ರೆಯನ್ನು ಬರೆದು ಒಪ್ಪಿಸಲಿ: ಯಾರು ಎಲ್ಲಿಯವರೆಗೆ ಓದಿದರು, ಏಕೆ ನಿಲ್ಲಿಸಿದರು, ಯಾರು ಏನಾಗಬೇಕೆಂದಿದ್ದರು, ಏನಾದರು. ಅಜ್ಜಿಯನ್ನೂ ತಂದೆಯನ್ನೂ ಕೇಳದೆ ಇದನ್ನು ಬರೆಯಲಾಗುವುದಿಲ್ಲ. ಹೀಗೆ ಕೇಳುವಾಗ ಮಗನು ತಂದೆಯ ಭಯದ ಕಾರಣವನ್ನು ತಂದೆಯ ಬಾಯಿಂದಲೇ ಕೇಳುತ್ತಾನೆ. ತಂದೆಗೂ, ತಾನು ಏನಾಗಬೇಕೆಂದಿದ್ದೆನೆಂಬುದನ್ನು ಬಹುಶಃ ಮೊದಲ ಬಾರಿಗೆ ಮಗನೆದುರು ಹೇಳುವ ಸಂದರ್ಭ ಒದಗುತ್ತದೆ. ಕಂದಾಯದ ಕಡತಗಳಲ್ಲಿಯೂ ಫಲಿತಾಂಶದ ಪಟ್ಟಿಗಳಲ್ಲಿಯೂ ಸಿಗದ ಚರಿತ್ರೆ ಇದು. ಒಂದು ವರ್ಷದ ಬರಹಗಳು ಕೂಡಿಬಂದರೂ ಮುಂದಿನ ಸಂಚಿಕೆಯೊಂದರಲ್ಲಿ ಅವುಗಳ ಪರಿಶೀಲನೆಯನ್ನು ಪ್ರಕಟಿಸಲು ಸಾಧ್ಯವಾದೀತು.